ಹತ್ತನೆಯ ಮೊಳೆ

ಸೆಪ್ಟೆಂಬರ್ 14, ಭಾನುವಾರ

ಭಾಮೈದನಿಗೆ,

ಕ್ಷೇಮ ಸಮಾಚಾರ ಕೇಳುವ ಮನಸ್ಸಿಲ್ಲ, ಆದ್ದರಿಂದ ಕೇಳುತ್ತಿಲ್ಲ. ಫೋನ್ ಮಾಡಿ ಅಂತ ನಿಮ್ಮಕ್ಕ ಹೇಳಿದಳು. ಫೋನಿನಲ್ಲಾದರೆ ಬಾಯಿಗೆ ಬಂದದ್ದೆಲ್ಲ ಆಡಿಬಿಡುತ್ತೇನೆ. ಕಾಗದದಲ್ಲಾದರೆ ಆಡಿದ್ದನ್ನು ಹೊಡೆದುಹಾಕಬಹುದು. ಮೇಲೆ ಎರಡು ಸಾಲು ಕಪ್ಪಗೆ ಗೀಚಿರುವುದು ಅದಕ್ಕೇ. ಬೆಳಕಿಗೆ ಹಿಡಿದು ಓದಲು ಹೋಗಬೇಡ. ಎಕ್ಸ್‌ರೇ ತೆಗೆಯುವವನು ನೀನು, ಆ ಚಾಳಿ ನಿನಗೆ ಇದ್ದೇ ಇದೆ.

ಕಳೆದ ವಾರದ ಪೇಪರಿನಲ್ಲಿ ನಿನ್ನ ಲೇಖನ ನೋಡಿದೆ. ಅರ್ಧ ಪುಟ. ಫೋಟೋ ದೊಡ್ಡದು, ನಿನ್ನ ಹೆಸರು ದಪ್ಪಕ್ಷರದಲ್ಲಿ. “ಊರಾಚೆ ಕೆಟ್ಟು ನಿಂತಿರುವ ಪಂಪ್‌ಹೌಸಿನ ಹಿಂದೆ, ಒಡೆದ ಕಾಂಪೌಂಡ್ ದಾಟಿದರೆ ಚಿಟ್ಟೆಗಳದೇ ಒಂದು ಲೋಕ. ಬೆಳಿಗ್ಗೆ ಒಂಬತ್ತರೊಳಗೆ ಹೋಗಿ.” ಹೋಗಿ ಅಂತೆ! ಒಂಬತ್ತು ವರ್ಷ ಪ್ರತಿ ಭಾನುವಾರ ನಾವಿಬ್ಬರೇ ಹೋಗಿ ಬಂದು, ಯಾರ ಹತ್ತಿರವೂ ಬಾಯಿ ಬಿಡದೆ ಕಾಪಾಡಿಕೊಂಡ ಜಾಗ ಅದು. ದಾರಿ, ಬಾಗಿಲು, ಹೊತ್ತು ಎಲ್ಲವನ್ನೂ ಹೇಳಿ ಊರಿಗೆ ಊರನ್ನೇ ಕರೆದಿದ್ದೀಯ. ಬಸ್ಸಿನ ನಂಬರ್ ಒಂದು ಬಿಟ್ಟುಹೋಗಿದೆ.

ಇವತ್ತು ಹೋಗಿದ್ದೆ. ಹದಿನಾಲ್ಕು ಜನ ಇದ್ದರು, ಎಣಿಸಿದೆ. ಮದುವೆ ನಿಶ್ಚಯವಾದ ಒಂದು ಜೋಡಿ ಹೂವಿನ ಪೊದೆಗೆ ಒರಗಿಕೊಂಡು ಹಲ್ಲು ಕಿಸಿಯುತ್ತಿತ್ತು. ಒಂದು ಸಂಸಾರ ಚಾಪೆ ಹಾಸಿಕೊಂಡು ಬಿಸ್ಕತ್ತು ತಿನ್ನುತ್ತಿತ್ತು. ಟ್ರೈಪಾಡ್ ಊರಿಕೊಂಡು ನಿಂತವನೊಬ್ಬ ನನಗೇ “ಸ್ವಲ್ಪ ಪಕ್ಕಕ್ಕೆ ಬನ್ನಿ ಅಂಕಲ್, ಫ್ರೇಮಿಗೆ ಬರ್ತಿದೀರ” ಅಂದ. ಆ ಜಾಗದಲ್ಲಿ ನನಗೆ ಪಕ್ಕಕ್ಕೆ ಹೋಗು ಅಂದ! ಮೈಯೆಲ್ಲ ಉರಿದುಹೋಯಿತು.

ಕೆಂಪಂಗಿ ಬಂದಿಲ್ಲ. ಪುಸ್ತಕದಲ್ಲಿ ಅದಕ್ಕೆ ಏನು ಹೆಸರಿದೆಯೋ, ಕಪ್ಪು ರೆಕ್ಕೆಯ ನಡುವಿನ ಆ ರಕ್ತಗೆಂಪು ಮೈ ನೋಡಿ “ಕೆಂಪಂಗಿ ತೊಟ್ಕೊಂಡಿದೆ ನೋಡಿ ಭಾವ” ಅಂದವನು ನೀನೇ. ಆಗಸ್ಟ್ ಕೊನೆಗೆ ಬರಬೇಕಿತ್ತು. ಲೇಖನ ಬರುವ ಮುಂಚೆಯೂ ಅದು ಬಂದಿರಲಿಲ್ಲವಲ್ಲ ಅಂತ ನಿಮ್ಮಕ್ಕ ನೆನಪಿಸಿದಳು. ತಡವಾಗಿಯಾದರೂ ಬರುತ್ತಿತ್ತು. ಇನ್ನು ಈ ಸಂತೆಗೆ ಅದು ಯಾಕೆ ಬರುತ್ತದೆ?

ನನ್ನ ಅಂಗಡಿಯ ಗೋಡೆ ನೀನು ಮರೆತಿಲ್ಲ ಅಂದುಕೊಂಡಿದ್ದೇನೆ. ವರ್ಷಕ್ಕೊಂದರಂತೆ ಒಂಬತ್ತು ಕೆಂಪಂಗಿ, ಒಂಬತ್ತು ಚೌಕಟ್ಟು. ಹತ್ತನೆಯದಕ್ಕೆ ಜನವರಿಯಲ್ಲೇ ಮೊಳೆ ಹೊಡೆದಿಟ್ಟಿದ್ದೆ. ವಾಚು ರಿಪೇರಿಗೆ ಬಂದವರೆಲ್ಲ ಬರಿ ಮೊಳೆ ನೋಡಿ “ಈ ವರ್ಷದ್ದೆಲ್ಲಿ?” ಅಂತ ಕೇಳುತ್ತಾರೆ. ಇನ್ನು ಮೇಲೆ ಅವರಿಗೆಲ್ಲ ನಿನ್ನ ವಿಳಾಸ ಕೊಡುತ್ತೇನೆ.

ಇಷ್ಟೇ,
ನಿಮ್ಮಕ್ಕನ ಗಂಡ

ತಮ್ಮಾ, ಇವರು ಒಂದು ವಾರದಿಂದ ಪೇಪರಿನ ಜೊತೆ ಜಗಳ ಆಡುತ್ತಿದ್ದಾರೆ. ಅದು ತಿರುಗಿ ಮಾತಾಡುವುದಿಲ್ಲ ಅಂತ ಈಗ ನಿನ್ನನ್ನು ಹಿಡಿದಿದ್ದಾರೆ. ಎರಡು ಸಾಲು ಉತ್ತರ ಹಾಕಿಬಿಡು. ಮನೆಯಲ್ಲಿ ಇವರ ಗಂಟುಮುಖ ನೋಡುವವಳು ನಾನು. — ಅಕ್ಕ


ಸೆಪ್ಟೆಂಬರ್ 23

ಭಾವನವರಿಗೆ,

ಗೀಚಿದ ಸಾಲುಗಳನ್ನು ಬೆಳಕಿನ ಪೆಟ್ಟಿಗೆಗೆ ಹಚ್ಚಿ ಓದಿದೆ. ಒಂದರಲ್ಲಿ ಕತ್ತೆ ಅಂತಿದೆ. ಇನ್ನೊಂದರಲ್ಲಿ ಏನಿದೆ ಅಂತ ಅಕ್ಕನಿಗೆ ಹೇಳುವುದಿಲ್ಲ, ಅದರಲ್ಲಿ ನಮ್ಮ ಮನೆತನವೂ ಬಂದಿದೆ.

ತಪ್ಪು ನನ್ನದೇ. ಜಾಗದ ಗುರುತು ಹೇಳಬಾರದಿತ್ತು. ಇಲ್ಲಿಗೆ ವರ್ಗವಾಗಿ ಎಂಟು ತಿಂಗಳಾಯಿತು ಭಾವ. ಬೆಳಿಗ್ಗೆಯಿಂದ ಸಂಜೆವರೆಗೆ ಕತ್ತಲೆ ಕೋಣೆಯಲ್ಲಿ ನಿಂತು “ಉಸಿರು ಬಿಗಿ ಹಿಡೀರಿ, ಹಾ, ಈಗ ಬಿಡಿ” ಅನ್ನುತ್ತೇನೆ. ಅದು ಬಿಟ್ಟರೆ ಯಾರ ಜೊತೆಗೂ ಮಾತಿಲ್ಲ. ಆಸ್ಪತ್ರೆಯ ಹಿಂದೆ ಒಂದು ರೂಮು, ಕಿಟಕಿ ತೆರೆದರೆ ಲಾಂಡ್ರಿಯ ಹಬೆ. ಭಾನುವಾರ ಬಂದರೆ ಏನು ಮಾಡಬೇಕೋ ತೋಚುವುದಿಲ್ಲ. ನನಗೂ ಒಂದು ಜಾಗ ಇತ್ತು ಅಂತ ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸಿತು. ಹೇಳಿಕೊಂಡೆ. ಈಗ ಅನುಭವಿಸುತ್ತಿದ್ದೇನೆ, ನೀವೂ ಅನುಭವಿಸುತ್ತಿದ್ದೀರಿ.

ಜನ ಬಂದ ಹಾಗೇ ಹೋಗುತ್ತಾರೆ. ನೀವು ಒಂದು ವಿಷಯ ನೋಡಿ ಬರೆಯಿರಿ. ಪಂಪ್‌ಹೌಸಿನ ಹಿಂದಿನ ಗೋಡೆಯ ಬುಡದಲ್ಲಿ ಒಂದು ಬಳ್ಳಿ ಇತ್ತಲ್ಲ, ಹೃದಯದಾಕಾರದ ಎಲೆ, ಹಿಚುಕಿದರೆ ಕೆಟ್ಟ ವಾಸನೆ ಹೊಡೆಯುತ್ತದೆ, ಅದು ಈಗ ಎಷ್ಟು ಉಳಿದಿದೆ? ನನಗೆ ಜನರಿಗಿಂತ ಆ ಬಳ್ಳಿಯದೇ ಚಿಂತೆ. ಯಾಕೆ ಅಂತ ಎದುರು ಸಿಕ್ಕಾಗ ಹೇಳುತ್ತೇನೆ. ಕಾಗದದಲ್ಲಿ ಬೇಡ, ನೀವು ಬೇರೆ ಅರ್ಥ ಮಾಡಿಕೊಳ್ಳುತ್ತೀರಿ.

ನಿಮ್ಮ,
ಭಾಮೈದ


ಅಕ್ಟೋಬರ್ 5, ಭಾನುವಾರ

ಭಾಮೈದನಿಗೆ,

ಎದುರು ಸಿಕ್ಕಾಗ ಹೇಳುತ್ತಾನಂತೆ. ಊರಿಗೆಲ್ಲ ಹೇಳಬೇಕಾದಾಗ ಕಾಗದ ಸಾಕಾಯಿತು, ಭಾವನಿಗೆ ಹೇಳಬೇಕಾದರೆ ಮಾತ್ರ ಎದುರು ಸಿಗಬೇಕು. ಇಟ್ಟುಕೋ ನಿನ್ನ ಗುಟ್ಟು.

ಕಳೆದ ಭಾನುವಾರ ಅಲ್ಲಿ ಒಬ್ಬ ಹೆಂಗಸಿನ ಜೊತೆ ನನಗೆ ಜಟಾಪಟಿಯಾಯಿತು. ಕೈಯಲ್ಲಿ ಮೊಬೈಲು. ಫೋಟೋಗೆ ಅಡ್ಡ ಬಂತು ಅಂತ ಹೂವಿನ ಕೊಂಬೆಯೊಂದನ್ನು ಲಟಕ್ಕನೆ ಮುರಿದಳು.

“ಯಾಕ್ರೀ ಮುರಿದ್ರಿ?” ಅಂದೆ.

“ಅಡ್ಡ ಇತ್ತು.”

“ಅಡ್ಡ ಇದ್ರೆ ಮುರಿಯೋದಾ?”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮ್ಮ ಜೇಬಲ್ಲಿ ಕತ್ತರಿ ಇದೆಯಲ್ಲ, ಅದ್ಯಾತಕ್ಕೆ? ಉಗುರು ಕತ್ತರಿಸ್ಕೊಳ್ಳೋಕಾ?” ಅಂದಳು. ಸುತ್ತ ಇದ್ದವರೆಲ್ಲ ನಕ್ಕರು.

ನನ್ನ ಕತ್ತರಿಗೂ ಅವಳ ಕೈಗೂ ಹೋಲಿಕೆಯೇ? ವಾಚಿನೊಳಗೆ ಒಂದು ಕೂದಲೆಳೆ ಬಿದ್ದರೂ ಓಟ ಕೆಡುತ್ತದೆ. ಫ್ರೇಮಿನೊಳಗೆ ಒಂದು ಹುಲ್ಲೆಸಳು ಅಡ್ಡ ಬಂದರೂ ಚಿತ್ರ ಕೆಡುತ್ತದೆ. ಚಿಮ್ಮಟ ಮತ್ತು ಕತ್ತರಿ ಇಲ್ಲದೆ ನಾನು ಅಂಗಡಿಯಲ್ಲೂ ಕೂರುವುದಿಲ್ಲ, ಅಲ್ಲೂ ಕೂರುವುದಿಲ್ಲ. ನಾನು ಮಾಡುವುದು ಮುರಿಯುವುದಲ್ಲ, ಚೊಕ್ಕ ಮಾಡುವುದು. ನನ್ನ ಚಿತ್ರದಲ್ಲಿ ಚಿಟ್ಟೆ ಬಿಟ್ಟರೆ ಬೇರೇನೂ ಇರುವುದಿಲ್ಲ ಅಂತ ಹೊಗಳಿದವರಲ್ಲಿ ನೀನೂ ಒಬ್ಬ.

ಆ ಸಿಟ್ಟು ವಾರವೆಲ್ಲ ತಲೆಯಲ್ಲೇ ಇತ್ತು. ಇವತ್ತು ಎಲ್ಲರಿಗಿಂತ ಮುಂಚೆ ಹೋದೆ, ಜೊತೆಗೆ ಪಕ್ಕದ ಮನೆಯ ಕುಡುಗೋಲು ಒಯ್ದೆ. ಏಳರಿಂದ ಹನ್ನೊಂದರವರೆಗೆ ಸೊಂಟ ಎತ್ತಲಿಲ್ಲ. ಎರಡು ಚೀಲ ಪ್ಲಾಸ್ಟಿಕ್ ಆರಿಸಿದೆ. ತುಳಿದು ಮಲಗಿಸಿದ್ದ ಹುಲ್ಲನ್ನೆಲ್ಲ ಕೊಯ್ದೆ. ನೀನು ಕೇಳಿದ್ದೆಯಲ್ಲ ಒಂದು ಬಳ್ಳಿ, ಗೋಡೆಯ ಬುಡದಲ್ಲಿ ಒಂದೇ ಒಂದು ಉಳಿದಿತ್ತು. ನೋಡುವ ಹಾಗಿರಲಿಲ್ಲ. ಎಲೆಯೆಲ್ಲ ತೂತು, ಅದರ ಮೇಲೆ ಅಸಹ್ಯವಾದ ಐದು ಹುಳ, ಕಪ್ಪು ಮೈಗೆ ಕೆಂಪು ಮುಳ್ಳು, ನಡುವೆ ಬಿಳಿ ಪಟ್ಟಿ. ಬೇರುಸಮೇತ ಕಿತ್ತು ಕಾಂಪೌಂಡಿನ ಆಚೆ ಹಳ್ಳಕ್ಕೆ ಎಸೆದೆ. ಹುಳಗಳನ್ನು ಚಪ್ಪಲಿಯಲ್ಲಿ ಒರೆಸಿದೆ. ಈಗ ಜಾಗ ಅಂಗೈಯ ಹಾಗೆ ನುಣ್ಣಗಿದೆ. ಇನ್ನಾದರೂ ಕೆಂಪಂಗಿ ಬಂದರೆ ಕೂತುಕೊಳ್ಳಲು ಮರ್ಯಾದೆಯ ಜಾಗವೊಂದು ಇರುತ್ತದೆ.

ನೀನು ಕೆಡಿಸಿದ್ದನ್ನು ನಾನು ಸರಿ ಮಾಡಿದ್ದೇನೆ. ತಿಳಿದಿರಲಿ.

ನಿಮ್ಮಕ್ಕನ ಗಂಡ


ಅಕ್ಟೋಬರ್ 11

ಭಾವನವರೇ,

ನಿಮ್ಮ ಕಾಗದವನ್ನು ಕೆಲಸದ ಕೋಣೆಯಲ್ಲಿ ನಿಂತೇ ಓದಿದೆ. ಎದೆಯ ಎಕ್ಸ್‌ರೇಗೆ ಬಂದಿದ್ದ ಮುದುಕರೊಬ್ಬರು “ಇನ್ನೂ ಉಸಿರು ಹಿಡ್ಕೊಂಡೇ ಇರ್ಬೇಕಾ ಸಾರ್?” ಅಂತ ಕೇಳಿದಾಗಲೇ ನನಗೆ ಮೈಮೇಲೆ ಪ್ರಜ್ಞೆ ಬಂದದ್ದು.

ಆ ಐದು ಹುಳಗಳೇ ನಿಮ್ಮ ಕೆಂಪಂಗಿ.

ಅದು ಮೊಟ್ಟೆ ಇಡುವುದು ಆ ಬಳ್ಳಿಯ ಮೇಲೆ. ಮರಿ ಹುಳ ತಿನ್ನುವುದು ಆ ಬಳ್ಳಿಯ ಎಲೆ. ಬೇರೆ ಯಾವ ಎಲೆ ಮುಂದಿಟ್ಟರೂ ಉಪವಾಸ ಸಾಯುತ್ತದೆಯೇ ಹೊರತು ಬಾಯಿ ಹಾಕುವುದಿಲ್ಲ. ಬಳ್ಳಿ ಇದ್ದರೆ ಕೆಂಪಂಗಿ, ಬಳ್ಳಿ ಇಲ್ಲದಿದ್ದರೆ ಇಲ್ಲ. ನೀವು ಹೂವಿನ ಮೇಲೆ ಕಣ್ಣಿಟ್ಟುಕೊಂಡು ಕೂತಿದ್ದಿರಿ, ಅದು ಹೂವಿಗೆ ಬರುತ್ತಿದ್ದದ್ದು ಬಾಯಾರಿಕೆಗೆ. ಅದರ ಮನೆ ಗೋಡೆಯ ಬುಡದಲ್ಲಿತ್ತು.

ಪ್ರತಿ ವರ್ಷ ನೀವು ನನಗೂ ಒಂದೊಂದು ಪ್ರತಿ ಕೊಟ್ಟಿದ್ದಿರಲ್ಲ, ಆ ಒಂಬತ್ತು ಫೋಟೋಗಳನ್ನು ನಿನ್ನೆ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಹಳೆಯ ಫಿಲ್ಮಿನ ಪಕ್ಕ ಹೊಸ ಫಿಲ್ಮ್ ಇಟ್ಟು ರೋಗ ಎಷ್ಟು ಹಬ್ಬಿದೆ ಅಂತ ನೋಡುವುದು ನಮ್ಮ ದಿನನಿತ್ಯದ ಕೆಲಸ. ಚಿಟ್ಟೆಯನ್ನು ನೋಡಲಿಲ್ಲ, ಅದರ ಹಿಂದಿನ ಗೋಡೆಯನ್ನು ನೋಡಿದೆ. ಮೊದಲ ವರ್ಷ ಗೋಡೆಯೇ ಕಾಣುವುದಿಲ್ಲ, ಪೂರ್ತಿ ಬಳ್ಳಿ, ಒಂದು ಎಲೆ ರೆಕ್ಕೆಗೂ ಅಡ್ಡ ಬಂದಿದೆ. ಎರಡನೆಯ ವರ್ಷ ಆ ಎಲೆ ಇಲ್ಲ, ಅದರ ತೊಟ್ಟು ಕತ್ತರಿಸಿದ ಗುರುತು ಮಾತ್ರ ಇದೆ. ಐದನೆಯ ವರ್ಷಕ್ಕೆ ಅರ್ಧ ಗೋಡೆ ಬರಿದು. ಒಂಬತ್ತನೆಯದರಲ್ಲಿ ಬರಿ ಸಿಮೆಂಟು, ನೀವು ಬಯಸಿದ ಹಾಗೆ. ಚೊಕ್ಕ.

ನಾಲ್ಕನೆಯ ವರ್ಷದ ಫೋಟೋ ನೆನಪಿದೆಯಾ? ಮೂಲೆಯ ಎಲೆಯ ಮೇಲೆ ಸಾಸಿವೆ ಗಾತ್ರದ ಎರಡು ಕೆಂಪು ಚುಕ್ಕೆ ಬಂದಿವೆ ಅಂತ ಸ್ಟುಡಿಯೋದವನ ಜೊತೆ ಜಗಳ ಆಡಿ, ಅವನ ಕೈಯಲ್ಲೇ ಅಳಿಸಿ ಮತ್ತೆ ಪ್ರಿಂಟ್ ಹಾಕಿಸಿದ್ದಿರಿ. ಮೊದಲಿನ ಪ್ರಿಂಟ್ ನನಗೆ ಕೊಟ್ಟಿದ್ದಿರಿ. ಅವು ಮೊಟ್ಟೆ ಭಾವ. ಒಂದು ವಾರ ಕಳೆದು ಆ ಎಲೆಯನ್ನೂ ಕತ್ತರಿಸಿದಿರಿ. ನಾನು ಪಕ್ಕದಲ್ಲೇ ಕೂತಿದ್ದೆ.

ಊರವರು ಮೂರ್ನಾಲ್ಕು ವಾರದಲ್ಲಿ ಮಾಡಲಾಗದ್ದನ್ನು ನೀವೊಬ್ಬರೇ ಒಂಬತ್ತು ವರ್ಷ ಕೂತು, ಚಿಮ್ಮಟದಲ್ಲಿ, ಕತ್ತರಿಯಲ್ಲಿ, ವಾಚು ಬಿಚ್ಚುವಷ್ಟು ನಾಜೂಕಾಗಿ ಮಾಡಿದ್ದೀರಿ. ಮೊನ್ನೆ ಕುಡುಗೋಲು ತಂದು ಮುಗಿಸಿದಿರಿ. ನನಗೆ ನಿಮ್ಮ ಮೇಲೆ ಎಷ್ಟು ಸಿಟ್ಟು ಬಂದಿದೆ ಅಂದರೆ ಇಷ್ಟು ಬರೆಯಲು ಎರಡು ದಿನ ಹಿಡಿಯಿತು.

ಬಳ್ಳಿಯ ವಿಷಯ ನನಗೆ ನಾಲ್ಕು ವರ್ಷದಿಂದ ಗೊತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ನಿಮ್ಮ ಹೆಂಡತಿಯ ತಮ್ಮ


ನವೆಂಬರ್ 2

ತಮ್ಮಾ,

ಭಾವನಿಂದ ಉತ್ತರ ಇಲ್ಲ ಅಂತ ಕಾಯುತ್ತಿರುತ್ತೀಯ. ನಾನು ಏನು ಕೇಳಿದರೂ “ಹೂಂ” ಅಷ್ಟೇ.

ನಿನ್ನ ಕಾಗದ ಬಂದ ದಿನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಳಗೆ ಕೂತಿದ್ದರು. ನಾನು ಊಟದ ಡಬ್ಬಿ ತೆಗೆದುಕೊಂಡು ಹೋದೆ. ಒಂಬತ್ತು ಚೌಕಟ್ಟನ್ನೂ ಗೋಡೆಯಿಂದ ಇಳಿಸಿ, ಕಣ್ಣಿಗೆ ಆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದನ್ನೇ ನೋಡುತ್ತಿದ್ದರು. ಬಿಚ್ಚಿಟ್ಟ ವಾಚುಗಳೆಲ್ಲ ಒಂದು ಕಡೆ ಸರಿದಿದ್ದವು. “ಇಲ್ಲಿ ನೋಡೇ” ಅಂದರು. ಕತ್ತರಿಸಿದ ತೊಟ್ಟು. “ಇಲ್ಲೂ ನೋಡೇ.” ಇನ್ನೊಂದು. ಹಾಗೆ ನಲವತ್ತಮೂರು ತೋರಿಸಿದರು. ಆಮೇಲೆ ಭೂತಗನ್ನಡಿ ತೆಗೆದು ಕಣ್ಣು ಒರೆಸಿಕೊಂಡು “ಕಣ್ಣಿಗೆ ಬೆವರು ಬಂತು” ಅಂದರು. ಚೌಕಟ್ಟುಗಳು ಇನ್ನೂ ನೆಲದ ಮೇಲೇ ಇವೆ, ಮುಖ ಗೋಡೆ ಕಡೆಗೆ. ಗೋಡೆ ತುಂಬ ಬರಿ ಹತ್ತು ಮೊಳೆ.

ಇವರ ಮೇಲೆ ನನಗೆ ಅಯ್ಯೋ ಅನ್ನಿಸಿತು ಅಂದುಕೊಳ್ಳಬೇಡ. ನನಗೆ ನಿಮ್ಮಿಬ್ಬರ ಮೇಲೂ ಸಿಟ್ಟಿದೆ. ಒಂಬತ್ತು ವರ್ಷ ಭಾನುವಾರ ಬೆಳಿಗ್ಗೆ ಇಬ್ಬರಿಗೂ ತಿಂಡಿ ಕಟ್ಟಿ ಕಳಿಸಿದವಳು ನಾನು. ಒಬ್ಬರು ಎದುರಿಗಿದ್ದ ಎಲೆ ನೋಡಲಿಲ್ಲ. ಇನ್ನೊಬ್ಬನಿಗೆ ಎಲ್ಲ ಕಂಡಿತ್ತು, ಬಾಯಿ ಬಿಡಲಿಲ್ಲ. ಎರಡರಲ್ಲಿ ಯಾವುದು ದೊಡ್ಡದು ಅಂತ ನೀನೇ ಯೋಚಿಸು. ಮೊನ್ನೆ ಫೋನಿನಲ್ಲಿ ಕೇಳಿದಾಗ ಇವರು ಸಿಟ್ಟಿನವರು ಅಂತ ಹೆದರಿದೆ ಅಂದೆಯಲ್ಲ. ನಾನು ಇಪ್ಪತ್ತಾರು ವರ್ಷದಿಂದ ಆ ಸಿಟ್ಟಿನ ಜೊತೆಗೇ ಬದುಕುತ್ತಿದ್ದೇನೆ. ಅದು ಕೂಗುತ್ತದೆ, ಬಾಗಿಲು ಬಡಿಯುತ್ತದೆ, ಆಮೇಲೆ ಹಸಿವಾಗಿ ಬಂದು ಊಟಕ್ಕೆ ಕೂರುತ್ತದೆ.

ಒಂದು ಕೇಳಬೇಕಿತ್ತು. ಹಳ್ಳಕ್ಕೆ ಎಸೆದ ಬಳ್ಳಿಯ ಬೇರು ಇನ್ನೂ ಬದುಕಿರಬಹುದಾ? ನಾನು ಇವರಿಗೆ ಹೇಳಿದೆ, “ಕಿತ್ತಿದ್ದು ನೀವೇ ತಾನೆ, ಹೋಗಿ ಹುಡುಕಿ” ಅಂತ. ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಟರು.

ನಿನ್ನ ಅಕ್ಕ


ನವೆಂಬರ್ 20

ಭಾಮೈದನಿಗೆ,

ನಾಲ್ಕು ವರ್ಷ.

ಆ ಒಂದು ಸಾಲನ್ನು ಕಾಗದದ ಕೊನೆಗೆ ಅಂಟಿಸಿ ಕೈ ತೊಳೆದುಕೊಂಡೆಯಲ್ಲ, ನಾನು ಐದು ವಾರದಿಂದ ಅದನ್ನೇ ಓದುತ್ತಿದ್ದೇನೆ. ನಿನಗೆ ವರ್ಗವಾಗುವ ಮುಂಚಿನದ್ದನ್ನಷ್ಟೇ ಎಣಿಸಿದರೂ ನೂರೈವತ್ತು ಭಾನುವಾರ. ನೂರೈವತ್ತು ಸಲ ನಾನು ಕತ್ತರಿ ತೆಗೆದಾಗ ನೀನು ಪಕ್ಕದಲ್ಲಿ ಕೂತು ಲೆನ್ಸ್ ಒರೆಸಿಕೊಳ್ಳುತ್ತಿದ್ದೆ. “ಭಾವ, ಅದನ್ನು ಬಿಡಿ” ಅನ್ನಲು ಎಷ್ಟು ಹೊತ್ತು ಬೇಕಿತ್ತು? ಮೂರು ಮಾತು.

ಹೆದರಿಕೆ ಆಯಿತಾ? ಹೌದು, ಕೂಗುತ್ತಿದ್ದೆ. ನಿನಗೇನು ಗೊತ್ತು ಅನ್ನುತ್ತಿದ್ದೆ. ಹಿಂದೊಮ್ಮೆ ಒಂದು ಫೋಟೋ ಸ್ಪರ್ಧೆಯ ವಿಷಯಕ್ಕೆ ಜಗಳವಾಗಿ ಮಾಡಿದ ಹಾಗೆ ಆರು ತಿಂಗಳು ಮಾತು ಬಿಡುತ್ತಿದ್ದೆ. ಬಿಡಲಿ ಅಂತ ಹೇಳಬೇಕಿತ್ತು! ಆರು ತಿಂಗಳಾದ ಮೇಲೆ ಬಂದು ಮಾತಾಡಿಸುತ್ತಿದ್ದೆ, ಅಷ್ಟರಲ್ಲಿ ಬಳ್ಳಿ ಮೊಳದುದ್ದ ಬೆಳೆದಿರುತ್ತಿತ್ತು. ಬೈಸಿಕೊಳ್ಳಲಾರದೆ ನೀನು ನನ್ನ ಕೈಯಿಂದ ಕೊಲ್ಲಿಸಿದೆ.

ಹೋಗಲಿ, ಆಗ ಹೇಳಲಿಲ್ಲ. ಸೆಪ್ಟೆಂಬರಿನಲ್ಲಿ ಪೆನ್ನು ಕೈಯಲ್ಲಿತ್ತು. ಬಳ್ಳಿ ಎಷ್ಟು ಉಳಿದಿದೆ ಅಂತ ಕೇಳಿದೆ, ಯಾಕೆ ಅಂತ ಹೇಳಲಿಲ್ಲ. ಎದುರು ಸಿಕ್ಕಾಗ ಅಂದೆ. ಆ ಒಂದು ಸಾಲು ಬರೆದಿದ್ದರೆ ಆ ಐದೂ ಬದುಕುತ್ತಿದ್ದವು. ಐದು. ಎಣಿಸಿದ್ದೆ. ನಾನು ಎಲ್ಲವನ್ನೂ ಎಣಿಸುವವನು ಅಂತ ನಿನಗೆ ಗೊತ್ತು. ಚಪ್ಪಲಿ ತೊಳೆದೆ, ಆದರೂ ಅದನ್ನು ಹಾಕಿಕೊಳ್ಳಲು ಆಗುತ್ತಿಲ್ಲ.

ಇನ್ನೊಂದು ಮಾತು. ಪೇಪರಿನಲ್ಲಿ ಬಂದ ನಿನ್ನ ಫೋಟೋವನ್ನೂ ಭೂತಗನ್ನಡಿಯಲ್ಲಿ ನೋಡಿದೆ. ಹಿಂದೆ ಚೊಕ್ಕ ಗೋಡೆ. ಅದನ್ನು ಚೊಕ್ಕ ಮಾಡಿದವನು ನಾನು, ಅದರ ಮುಂದೆ ಫೋಟೋ ತೆಗೆದವನು ನೀನು. ನಿನಗೂ ಅದು ಬೇಕಾಗಿತ್ತು. ಬರಿ ಹೆದರಿಕೆ ಅಂತ ನಿಮ್ಮಕ್ಕನ ಹತ್ತಿರ ಹೇಳಿಕೋ, ನನ್ನ ಹತ್ತಿರ ಬೇಡ.

ಹಳ್ಳದಲ್ಲಿ ಹುಡುಕಿದೆ. ರಾಶಿಯೆಲ್ಲ ಒಣಗಿ ಸೌದೆಯಾಗಿತ್ತು. ಕೆಳಗೆ ಕೆಸರಿಗೆ ತಾಗಿಕೊಂಡಿದ್ದ ಬೇರಿನ ಒಂದು ಗಂಟು ಸಿಕ್ಕಿತು. ಉಗುರಿನಿಂದ ಕೆರೆದರೆ ಒಳಗೆ ಹಸಿ ಇತ್ತು. ಗೋಡೆಯ ಬುಡದಲ್ಲಿ ನೆಟ್ಟು ಬಂದಿದ್ದೇನೆ. ಎಷ್ಟು ಆಳ ಇರಬೇಕು, ನೀರು ದಿನಾ ಬೇಕೋ ಬೇಡವೋ ಬರೆದು ತಿಳಿಸು. ಜನರ ಕಾಟ ಇಲ್ಲ. ಮೂರು ಭಾನುವಾರ ಬಂದರು, ಚಿಟ್ಟೆ ಕಾಣದೆ ಬೇಜಾರಾಗಿ ಬಿಟ್ಟರು.

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಅದರಲ್ಲಿರುವುದು ನನ್ನ ಕತ್ತರಿ. ನಿನ್ನ ಹತ್ತಿರವೇ ಇರಲಿ. ಆ ಕಾಲಕ್ಕೆ ನೀನು ಮಾಡಬೇಕಾಗಿದ್ದ ಕೆಲಸ ಅದೊಂದೇ, ನನ್ನ ಕೈಯಿಂದ ಅದನ್ನು ಕಿತ್ತುಕೊಳ್ಳುವುದು.

ನಿನ್ನ ಅಕ್ಕನ ಗಂಡ


ಡಿಸೆಂಬರ್ 9

ಭಾವನವರಿಗೆ,

ಕತ್ತರಿ ಬಂತು. ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಡ್ರಾಯರ್ ಎಳೆದಾಗಲೆಲ್ಲ ಕಾಣಲಿ ಅಂತ ಮೇಲುಗಡೆಯೇ ಇಟ್ಟಿದ್ದೇನೆ.

ನೀವು ಹೇಳಿದ್ದರಲ್ಲಿ ಒಂದನ್ನೂ ಅಲ್ಲಗಳೆಯುವುದಿಲ್ಲ. ಚೊಕ್ಕ ಗೋಡೆ ನನಗೂ ಬೇಕಾಗಿತ್ತು. ನೀವು ಕತ್ತರಿಸಿ ಮುಗಿಸುವವರೆಗೆ ಕಾದು, ಆಮೇಲೆ ಕ್ಯಾಮೆರಾ ಎತ್ತುತ್ತಿದ್ದೆ. ಪಾಪ ನಿಮ್ಮದು, ಫೋಟೋ ನನ್ನದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ, ನನಗೇ ಹೇಳಿಕೊಂಡಿರಲಿಲ್ಲ. ನಿಮ್ಮ ಕಾಗದ ಓದಿದ ಮೇಲೆ ಮೊದಲು ರೇಗಿತು, ಆಮೇಲೆ ನಾಚಿಕೆಯಾಯಿತು. ಈಗ ನನ್ನ ಮೇಲೇ ಸಿಟ್ಟು.

ಬೇರಿನ ಗಂಟು ಒಂದು ಗೇಣು ಆಳದಲ್ಲಿರಲಿ. ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ. ದಿನಾ ಅಗೆದು ನೋಡಬೇಡಿ, ನೀವು ನೋಡುವವರೇ ಅಂತ ನನಗೆ ಗೊತ್ತು.

ಇಲ್ಲಿ ಲಾಂಡ್ರಿಯ ಹಿಂದಿನ ತಂತಿ ಬೇಲಿಯಲ್ಲಿ ಅದೇ ಬಳ್ಳಿ ಇದೆ. ಹತ್ತು ತಿಂಗಳು ಕಿಟಕಿ ಮುಚ್ಚಿಕೊಂಡು ಕೂತಿದ್ದೆ, ನೋಡಿರಲಿಲ್ಲ. ಹನ್ನೆರಡು ಕಡ್ಡಿ ಕತ್ತರಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಪೇಪರ್ ಸುತ್ತಿ, ಬೆಳಗಿನ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಕತ್ತರಿಸಿದ್ದು ನಿಮ್ಮ ಕತ್ತರಿಯಲ್ಲೇ. ಸುತ್ತಿದ ಪೇಪರ್ ಬೇರೆಯದು, ನನ್ನ ಲೇಖನದ್ದಲ್ಲ, ಹೆದರಬೇಡಿ.

ಚಿಗುರಿದರೆ ಒಂದು ಸಾಲು ಬರೆಯಿರಿ. ಸತ್ತರೂ ಬರೆಯಿರಿ.

ನಿಮ್ಮ,
ಭಾಮೈದ


ಆಗಸ್ಟ್ 9, ಭಾನುವಾರ

ಭಾಮೈದನಿಗೆ,

ಎಂಟು ತಿಂಗಳು ಒಂದು ಸಾಲೂ ಬರೆಯಲಿಲ್ಲ ಅಂತ ನಿಮ್ಮಕ್ಕನ ಹತ್ತಿರ ದೂರು ಹೇಳಿದೆಯಂತೆ. ನಾಲ್ಕು ವರ್ಷ ಸುಮ್ಮನಿದ್ದವನು ಎಂಟು ತಿಂಗಳು ತಡೆಯಬಾರದೇ?

ನಿನ್ನ ಹನ್ನೆರಡು ಕಡ್ಡಿಗಳಲ್ಲಿ ಎಂಟು ಬೇಸಿಗೆಯಲ್ಲಿ ಹೋದವು. ಒಂದನ್ನು ಯಾರೋ ತುಳಿದರು. ಮೂರು ಉಳಿದಿವೆ. ನನ್ನ ಬೇರಿನ ಗಂಟು ಮೇ ಕೊನೆಯವರೆಗೆ ಸತ್ತಂತೆ ಬಿದ್ದಿತ್ತು, ಎರಡು ಸಲ ಅಗೆದು ನೋಡಿದೆ, ಹೌದು, ನೋಡಿದೆ, ಏನೀಗ? ಮಳೆ ಬಿದ್ದ ಮೇಲೆ ಮೂರು ಚಿಗುರು ಒಡೆಯಿತು. ಈಗ ನನ್ನ ಎದೆಯೆತ್ತರಕ್ಕೆ ಬಂದಿದೆ.

ಆ ಕೊಂಬೆ ಮುರಿದ ಹೆಂಗಸು ಮತ್ತೆ ಸಿಕ್ಕಿದ್ದಳು. ನನ್ನ ಜೇಬಿನ ಕಡೆಯೇ ನೋಡಿ “ಎಲ್ಲಿ ಸಾರ್, ಕತ್ತರಿ?” ಅಂದಳು. “ಪೋಸ್ಟಲ್ಲಿ ಹೋಯ್ತು” ಅಂದೆ. ಬಳ್ಳಿಯ ಕಥೆ ಪೂರ್ತಿ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. “ಅಯ್ಯೋ, ನನಗೂ ಗೊತ್ತಿರ್ಲಿಲ್ಲ” ಅಂದಳು. ಬೇಸಿಗೆಯಲ್ಲಿ ನಾನು ಜ್ವರದಲ್ಲಿ ಮಲಗಿದ್ದ ವಾರ ನೀರು ಹಾಕಿದವಳು ಅವಳೇ. ಸ್ಟುಡಿಯೋದವನ ಹತ್ತಿರವೂ ಹೋಗಿ, ಆ ಎರಡು ಚುಕ್ಕೆ ನಿನ್ನ ತಪ್ಪಲ್ಲ ಅಂತ ಹೇಳಿ ಬಂದೆ. ಅವನಿಗೆ ಜಗಳವೇ ಮರೆತುಹೋಗಿತ್ತು. ನಾನು ದಿನಕ್ಕೆ ನಾಲ್ಕು ಜನರ ಜೊತೆ ಜಗಳ ಆಡುತ್ತೇನಂತೆ, ಯಾವುದು ಅಂತ ನೆನಪಿಟ್ಟುಕೊಳ್ಳಲಿ ಅಂದ.

ಹೋದ ಭಾನುವಾರ ಬಳ್ಳಿಯ ಒಂದು ಎಲೆಯ ಅಂಚು ಕಚ್ಚಿಹೋಗಿತ್ತು. ಅರ್ಧ ಚಂದ್ರನ ಹಾಗೆ, ನೀಟಾಗಿ. ಎಲೆ ಎತ್ತಿ ನೋಡಿದೆ. ಅಡಿಯಲ್ಲಿ ಒಂದು ಹುಳ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು. ಕಪ್ಪು ಮೈ, ಕೆಂಪು ಮುಳ್ಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಕೆಂಪಂಗಿ ಯಾವತ್ತು ಬಂತು, ಎಷ್ಟು ಹೊತ್ತಿಗೆ ಬಂದು ಮೊಟ್ಟೆ ಇಟ್ಟು ಹೋಯಿತು, ನನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ, ಒಮ್ಮೆಯೂ ಕಾಣಲಿಲ್ಲ. ನನ್ನ ಕಣ್ಣಿಗೆ ಬೀಳದೆ ಬಂದು ಹೋಗಿದೆ. ಬೀಳದಿದ್ದದ್ದೇ ಒಳ್ಳೆಯದಾಯಿತು.

ಫೋಟೋ ತೆಗೆದೆ. ಇದರ ಜೊತೆ ಇಟ್ಟಿದ್ದೇನೆ. ಚೆನ್ನಾಗಿಲ್ಲ. ಒಂದು ಹುಲ್ಲೆಸಳು ಎಡದಿಂದ ಬಲಕ್ಕೆ ಅಡ್ಡ ಬಂದು ಅರ್ಧ ಎಲೆ ಮುಚ್ಚಿದೆ, ಹುಳ ಕಾಣುವುದೇ ಇಲ್ಲ, ಕಚ್ಚಿದ ಗುರುತು ಮಾತ್ರ ಕಾಣುತ್ತದೆ. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬು ಖಾಲಿ ಇತ್ತು. ಬೆರಳಿನಿಂದ ಸರಿಸಬಹುದಿತ್ತು, ಸರಿಸಲಿಲ್ಲ. ಹುಲ್ಲಿನ ಮೇಲೆ ಏನು ಬದುಕುತ್ತದೋ ನನಗೇನು ಗೊತ್ತು? ಸ್ಟುಡಿಯೋದವನು “ಸಾರ್, ಈ ಹುಲ್ಲು ಅಳಿಸಿ ಕೊಡ್ಲಾ?” ಅಂದ. “ಮುಟ್ಟಿದ್ರೆ ನೋಡು” ಅಂದೆ.

ಈಗ ಅದು ಹತ್ತನೆಯ ಮೊಳೆಯಲ್ಲಿದೆ. ಉಳಿದ ಒಂಬತ್ತು ಮೊಳೆ ಬರಿದಾಗೇ ಇವೆ, ಹಾಗೇ ಇರುತ್ತವೆ. ನಿನ್ನೆ ಗೋಡೆ ಗಡಿಯಾರ ತಂದವನೊಬ್ಬ ಬಹಳ ಹೊತ್ತು ನೋಡಿದ.

“ಇದರಲ್ಲಿ ಏನಿದೆ?” ಅಂದ.

“ಎಲೆ.”

“ಚಿಟ್ಟೆ ಎಲ್ಲಿ?”

“ತಿಂತಾ ಇದೆ” ಅಂದೆ.

ನಿನ್ನ ಮೇಲಿನ ಸಿಟ್ಟು ಆರಿಲ್ಲ. ಇಷ್ಟು ಬೇಗ ಆರುವುದೂ ಇಲ್ಲ. ಕಾಗದದಲ್ಲಿ ಬೈದರೆ ನನಗೆ ತೃಪ್ತಿಯಾಗುತ್ತಿಲ್ಲ, ಎದುರಿಗೇ ಕೂರಿಸಿಕೊಂಡು ಬೈಯಬೇಕು. ಬರುವ ಭಾನುವಾರ ರಜೆ ಹಾಕಿ ಬಾ. ನಾನು ಕೂಗಿದರೆ ನೀನೂ ಕೂಗು. ಕ್ಯಾಮೆರಾ ತಾ, ಒಂದು ಜೊತೆ ಹಳೆ ಬಟ್ಟೆ ತಾ, ಕೆಸರಿದೆ.

ಕತ್ತರಿ ಮಾತ್ರ ತರಬೇಡ.

ನಿನ್ನ ಭಾವ